ಪ್ಯಾರಿಸಿನಲ್ಲಿ ಮೈಸೂರಿನವರು ಏನು ಉಂಡರು?

ಕಳೆದ ಬೇಸಿಗೆ ರಜೆಯಲ್ಲಿ ತಿರುಮಕೂಡಲು ನರಸೀಪುರದ ನನ್ನ ತಮ್ಮನ ಮನೆಯವರು ಯುರೋಪ್ ಪ್ರವಾಸ ಹೋಗಿಬಂದರು. 13 ದಿನ, 6 ದೇಶ. ಲಂಡನ್, ಪ್ಯಾರಿಸ್, ಬ್ರಸೆಲ್ಸ್, ವಿಯೆನ್ನಾ, ರೋಮ್ ಎಂದು 5 ರಾಜಧಾನಿಗಳು. ನಡುವೆ ಸ್ವಿಟ್ಜರ್ಲೆಂಡಿನ ಹಿಮ. ಹೊರಡುವ ಹಿಂದಿನ ದಿನ ನಾನು ನಂಜನಗೂಡಿನಿಂದ ಬಸ್ಸು ಹತ್ತಿ ಹೋಗಿದ್ದೆ. ಹಜಾರದಲ್ಲಿ ಸೂಟ್‌ಕೇಸುಗಳನ್ನು ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗುವ ಕೆಲಸ ನಡೆದಿತ್ತು. ತೂಕ ಹೆಚ್ಚಾದಾಗಲೆಲ್ಲ ತಮ್ಮನ ಹೆಂಡತಿ ಒಂದು ಸ್ವೆಟರ್ ಹೊರಗೆ ತೆಗೆಯುತ್ತಿದ್ದಳೇ ವಿನಾ ಚಟ್ನಿಪುಡಿಯ ಪೊಟ್ಟಣಕ್ಕೆ ಕೈ ಹಾಕಲಿಲ್ಲ. ಪುಳಿಯೋಗರೆ ಗೊಜ್ಜು, ಗಟ್ಟಿ ಅವಲಕ್ಕಿ, ನಿಪ್ಪಟ್ಟು, ಕೊಬ್ಬರಿ ಮಿಠಾಯಿ, ಒಣಗಿಸಿದ ನಿಂಬೆ ಉಪ್ಪಿನಕಾಯಿ.

“ಇದೇನಮ್ಮ, ಯುರೋಪು ನೋಡೋಕೆ ಹೋಗ್ತಿದೀರೋ, ಜಾತ್ರೆಗೆ ಅಂಗಡಿ ಇಡೋಕೆ ಹೋಗ್ತಿದೀರೋ?” ಎಂದೆ.

“ನೀವು ಸುಮ್ನಿರಿ ಭಾವ, ಅಲ್ಲಿ ಏನು ಸಿಗುತ್ತೋ ಏನೋ. ಬಿಸಿನೀರು ಒಂದು ಸಿಕ್ರೆ ಅವಲಕ್ಕಿ ಆಗುತ್ತೆ” ಎಂದಳು.

ಬಂದ ಮೇಲೆ ಮತ್ತೆ ಹೋದೆ. ಫೋಟೋಗಳನ್ನೆಲ್ಲ ಟೀವಿಗೆ ಹಾಕಿ ತೋರಿಸಿದರು. ಪ್ರತಿ ರಾತ್ರಿ ‘ಇಂಡಿಯನ್ ಡಿನ್ನರ್’ ಕೊಡುವುದಾಗಿ ಪ್ರವಾಸದ ಕಂಪನಿಯವರು ಮೊದಲೇ ಒಪ್ಪಿದ್ದರಂತೆ. ಕೊಟ್ಟೂ ಇದ್ದರು. ಆದರೆ ಆ ಊಟದ ಹೊತ್ತಿಗೆ ಸರಿಯಾಗಿ ಬಸ್ಸು ಹೋಟೆಲಿನ ಮುಂದೆ ನಿಲ್ಲಬೇಕಾದ್ದರಿಂದ ಉಳಿದದ್ದೆಲ್ಲ ಓಟ. ವರ್ಸೇಲ್ಸ್ ಅರಮನೆಗೆ ಸಿಕ್ಕಿದ್ದು ಒಂದು ಗಂಟೆ ಮಾತ್ರ ಎಂದು ತಮ್ಮ ಗೊಣಗಿದ. “ಅನ್ನ ಸಾರು ಸಿಕ್ತಲ್ಲ, ಬಿಡಿ” ಎಂದು ಅವನ ಹೆಂಡತಿ ಒಳಗಿನಿಂದಲೇ ಹೇಳಿದಳು. ಹೀಗೆ ಮಾತಾಡುತ್ತಿರುವಾಗ ಟೀವಿಯ ಮೇಲೆ ಒಂದು ದೊಡ್ಡ ಕೋಣೆ ಬಂತು. ಬಣ್ಣದ ಅಮೃತಶಿಲೆಯ ಗೋಡೆ, ಮಾಡಿನ ತುಂಬ ಮೋಡಗಳ ನಡುವೆ ತೇಲುವ ದೇವದೇವತೆಯರು.

“ಇದು ಹರ್ಕ್ಯುಲಿಸ್ ಸಭಾಂಗಣ ಅಲ್ವೇನೇ?” ಎಂದೆ ತಮ್ಮನ ಮಗಳಿಗೆ. ಅವಳು ಫೋನಿನಲ್ಲಿ ಬೆರಳಾಡಿಸಿ ಹೌದೆಂದಳು. “ಇಲ್ಲಿ ನಮ್ಮವರು ನಿಂತಿದ್ದರು ಕಣೆ. ಮೈಸೂರಿನವರು. 1788ರಲ್ಲಿ.”

“ಯಾರು ದೊಡ್ಡಪ್ಪ? ಗೈಡು ಹೇಳಲೇ ಇಲ್ಲ!”

ಗೈಡು ಹೇಳದ್ದರಲ್ಲಿ ಆಶ್ಚರ್ಯವಿಲ್ಲ. ಇಷ್ಟು ವರ್ಷ ನಾನು ತರಗತಿಯಲ್ಲಿ ಇತಿಹಾಸ ಹೇಳಿದ್ದೇನೆ. ಈ ಪ್ರಸಂಗಕ್ಕೆ ‘ಟಿಪ್ಪು ಫ್ರಾನ್ಸಿಗೆ ರಾಯಭಾರಿಗಳನ್ನು ಕಳಿಸಿದನು’ ಎಂಬ ಒಂದು ಸಾಲಿಗಿಂತ ಹೆಚ್ಚು ಜಾಗ ನಾನೂ ಕೊಟ್ಟವನಲ್ಲ. ಆ ಸಾಲನ್ನು ಬಿಡಿಸಿ ನೋಡಿದರೆ ಒಳಗೆ ಒಂದು ಇಡೀ ಪ್ರವಾಸವಿದೆ. ಹಡಗು, ಊಟ, ನಾಟಕ, ತೋಟ, ನೂಕುನುಗ್ಗಲು, ಒಬ್ಬ ಹುಡುಗ ಕೂಡ. ಆ ಕತೆಯನ್ನು ಅಂದು ಸಂಜೆ ಅವಳಿಗೆ ಹೇಳಿದಂತೆಯೇ ಇಲ್ಲಿ ಬರೆಯುತ್ತಿದ್ದೇನೆ.

ಟಿಪ್ಪು ಮೊದಲು ಕಳಿಸಿದ್ದು ಪ್ಯಾರಿಸಿಗಲ್ಲ, ಇಸ್ತಾಂಬುಲ್‌ಗೆ. ಆ ಊರಿನ ಅರ್ಧ ಯುರೋಪಿನಲ್ಲಿದೆ, ಅಲ್ಲಿಂದ ಮುಂದೆ ಫ್ರಾನ್ಸು, ಇಂಗ್ಲೆಂಡುಗಳಿಗೂ ಹೋಗಿಬರಬೇಕೆಂಬ ಲೆಕ್ಕವಿತ್ತು. 1786ರ ಮಾರ್ಚಿಯಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳು ಹೊರಟವು. ಸುಮಾರು 900 ಜನ. ದಾರಿಯಲ್ಲಿ ಮಾರಲು ಗಂಧದ ಮರ, ಮೆಣಸು, ಏಲಕ್ಕಿ. ಈ ಗುಂಪಿನಲ್ಲಿ ಖ್ವಾಜಾ ಅಬ್ದುಲ್ ಖಾದಿರ್ ಎಂಬ ಕಾರ್ಯದರ್ಶಿ ಇದ್ದ. ಆತ ಪಾರಸಿಯಲ್ಲಿ ದಿನಚರಿ ಬರೆದ. ಮಸ್ಕತ್, ಬಸ್ರಾಗಳವರೆಗಿನ ದಾರಿ ಅದರಲ್ಲಿ ಉಳಿದಿದೆ. ಮೈಸೂರು ರಾಜ್ಯದ ಒಬ್ಬ ಮನುಷ್ಯ ಪಶ್ಚಿಮದ ಕಡೆಗೆ ಪ್ರಯಾಣ ಮಾಡುತ್ತ ತಾನೇ ಬರೆದಿಟ್ಟ ಪುಸ್ತಕ ಅದು. ಅಂಥದ್ದು ಇನ್ನೊಂದು ನನಗೆ ಕಂಡಿಲ್ಲ. ದುರದೃಷ್ಟವೆಂದರೆ ದಿನಚರಿ ಇಸ್ತಾಂಬುಲ್ ಮುಟ್ಟುವ ಮೊದಲೇ ನಿಂತುಹೋಗುತ್ತದೆ. ಹಡಗು ಒಡೆದು, ರೋಗ ಬಡಿದು ಆ ಗುಂಪಿನ ಬಹುಪಾಲು ಜನ ದಾರಿಯಲ್ಲೇ ಸತ್ತರು. ತಿರುಗಿ ಮನೆ ಸೇರಿದವರು ಬೆರಳೆಣಿಕೆಯಷ್ಟು.

ಈ ಮೊದಲ ಗುಂಪು ಇನ್ನೂ ಪರದೇಶದಲ್ಲಿರುವಾಗಲೇ ಟಿಪ್ಪು ಎರಡನೆಯದನ್ನು ಹೊರಡಿಸಿದ. ಈ ಸಲ ನೇರ ಫ್ರಾನ್ಸಿಗೆ. ಮೂವರು ರಾಯಭಾರಿಗಳು: ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್. ಜೊತೆಗೆ ಒಬ್ಬರ ಮಗ, ಸೇವಕರು, ಪರಿವಾರ. 1787ರ ಜುಲೈಯಲ್ಲಿ ಪುದುಚೇರಿಯಿಂದ ಫ್ರೆಂಚ್ ಹಡಗು ಹತ್ತಿದರು. ಮಾರಿಷಸ್, ಗುಡ್‌ಹೋಪ್ ಭೂಶಿರ ಸುತ್ತಿ, ಆಫ್ರಿಕದ ಪಡುವಣ ಕರಾವಳಿ ಹಿಡಿದು, ದಕ್ಷಿಣ ಫ್ರಾನ್ಸಿನ ತೂಲೋನ್ ಬಂದರಿಗೆ ಇಳಿದದ್ದು 1788ರ ಜೂನ್‌ನಲ್ಲಿ. ಹತ್ತಿರ ಹತ್ತಿರ 11 ತಿಂಗಳು. ನನ್ನ ತಮ್ಮನ ಮನೆಯವರು ಬೆಂಗಳೂರಿನಲ್ಲಿ ಇಡ್ಲಿ ತಿಂದು ಹೊರಟವರು ಮರುದಿನ ಲಂಡನ್ನಿನಲ್ಲಿ ಬ್ರೆಡ್ಡು ತಿಂದರು. ಅವರ ಅವಲಕ್ಕಿ ಚೀಲವೇ ಅಷ್ಟಿದ್ದರೆ 11 ತಿಂಗಳ ಸಮುದ್ರಕ್ಕೆ ಆ ಮೂವರು ಎಷ್ಟು ಕಟ್ಟಿಕೊಂಡು ಹೋಗಿರಬೇಕು ಎಂದು ಯೋಚಿಸಿದೆ.

ಅವರು ಹೋದ ಕೆಲಸ ಸಣ್ಣದಲ್ಲ. ಇಂಗ್ಲಿಷರ ವಿರುದ್ಧ ಫ್ರಾನ್ಸಿನ ಸೈನ್ಯ ಬೇಕು, ಗಟ್ಟಿ ಒಪ್ಪಂದ ಬೇಕು. ಅದರ ಜೊತೆಗೇ ಟಿಪ್ಪುವಿನ ಬೇಡಿಕೆಯ ಪಟ್ಟಿಯಲ್ಲಿ ಕುಶಲಕರ್ಮಿಗಳು, ವೈದ್ಯರು, ತೋಟಗಾರರು, ಹೂಗಿಡಗಳ ಮತ್ತು ಹಣ್ಣಿನ ಗಿಡಗಳ ಬೀಜಗಳು. ಯುದ್ಧಕ್ಕೆ ನಿಂತವನು ಬೀಜ ಕೇಳುತ್ತಾನೆ! ಬೆಂಗಳೂರಿನ ಲಾಲ್‌ಬಾಗನ್ನು ಅಪ್ಪ ಹೈದರ್ ಶುರುಮಾಡಿದ್ದ, ಮಗ ಅದಕ್ಕೆ ಕಂಡಕಂಡ ದೇಶದಿಂದ ಗಿಡ ತರಿಸುತ್ತಿದ್ದ. ಈ ಒಂದು ವಿಷಯದಲ್ಲಿ ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಹೆಚ್ಚು ಜಗಳವಾಡಿದ್ದು ನನಗೆ ಗೊತ್ತಿಲ್ಲ.

ತೂಲೋನ್‌ನಲ್ಲಿ ಪಟಾಕಿ, ನಾಟಕ, ಸ್ವಾಗತ. ಅಲ್ಲಿಂದ ಪ್ಯಾರಿಸಿಗೆ ಗಾಡಿಯಲ್ಲಿ ಹೋಗುವಾಗ ಊರೂರಿನಲ್ಲಿ ಜನ ಸೇರಿ ನೋಡಿದರು. ಪ್ಯಾರಿಸ್ ಸೇರಿದ್ದು ಜುಲೈ ಮಧ್ಯದಲ್ಲಿ. ಒಪೇರಾಕ್ಕೆ ಹೋದರು, ಸೇವ್ರ್‌ನ ಪಿಂಗಾಣಿ ಕಾರ್ಖಾನೆ ನೋಡಿದರು, ಸೇಂಟ್ ಕ್ಲೌಡ್‌ನ ಉದ್ಯಾನದಲ್ಲಿ ಸುತ್ತಿದರು. ಅವರು ಊರು ನೋಡಿದ್ದಕ್ಕಿಂತ ಊರೇ ಅವರನ್ನು ಹೆಚ್ಚು ನೋಡಿತು. ತೆಳು ಮಸ್ಲಿನ್ ಅಂಗಿ, ಪೇಟ, ಸೊಂಟಪಟ್ಟಿ, ಕತ್ತಿ. ಪ್ಯಾರಿಸಿನವರಿಗೆ ಅದೊಂದು ಸೊಗಸು.

ಅದೇ ವಾರದಲ್ಲಿ ಇನ್ನೊಂದು ಘಟನೆ ನಡೆದಿತ್ತು. 1788ರ ಜುಲೈ 13ರಂದು ಪ್ಯಾರಿಸಿನ ಸುತ್ತಮುತ್ತ ಭಯಂಕರ ಆಲಿಕಲ್ಲು ಮಳೆ ಬಿದ್ದು ಕೊಯ್ಲಿಗೆ ಬಂದಿದ್ದ ಗೋಧಿ ನೆಲಕಚ್ಚಿತು. ಮುಂದಿನ ಚಳಿಗಾಲ ಕಠಿಣವಾಯಿತು, ಬ್ರೆಡ್ಡಿನ ಬೆಲೆ ಏರುತ್ತಲೇ ಹೋಯಿತು. ಖಜಾನೆ ಬರಿದಾಗಿ ಆಗಸ್ಟ್ 8ರಂದು ದೊರೆ 16ನೇ ಲೂಯಿ ಮುಂದಿನ ವರ್ಷಕ್ಕೆ ಮಹಾಸಭೆ ಕರೆದ. ಮೈಸೂರಿನವರಿಗೆ ವರ್ಸೇಲ್ಸಿನ ಹರ್ಕ್ಯುಲಿಸ್ ಸಭಾಂಗಣದಲ್ಲಿ ದರ್ಶನ ಕೊಟ್ಟದ್ದು ಆಗಸ್ಟ್ 10ರಂದು, ಎರಡೇ ದಿನದ ನಂತರ. ದೊಡ್ಡ ದರ್ಬಾರು, ನಿಲ್ಲಲು ಜಾಗವಿಲ್ಲದಷ್ಟು ಜನ. ಆ ಕೋಣೆಯ ಒಂದು ಗೋಡೆಯ ತುಂಬ ಇಟಲಿಯ ವೆರೊನೀಸ್ ಬರೆದ ಭಾರಿ ಚಿತ್ರವಿದೆ. ವೆನಿಸ್ ಗಣರಾಜ್ಯ 14ನೇ ಲೂಯಿಗೆ ಕೊಟ್ಟ ಉಡುಗೊರೆ. ಸೀಮೋನನ ಮನೆಯಲ್ಲಿ ಯೇಸುವಿಗೆ ಔತಣ, ಅದು ಅದರ ವಸ್ತು. ಹೊರಗೆ ಹೊಲಗಳಲ್ಲಿ ಗೋಧಿ ಕೊಳೆಯುತ್ತಿದೆ, ಒಳಗೆ ಗೋಡೆಯಲ್ಲಿ ಊಟ ನಡೆದಿದೆ, ದುಡ್ಡಿಲ್ಲದ ದೊರೆಯ ಮುಂದೆ ಸೈನ್ಯ ಕೇಳಲು ಬಂದವರು ನಿಂತಿದ್ದಾರೆ. ದೊರೆ ಒಳ್ಳೆಯ ಮಾತಾಡಿದ. ಪಿಂಗಾಣಿಯ ಉಡುಗೊರೆ ಕೊಟ್ಟ. ಸೈನ್ಯ ಕೊಡಲಿಲ್ಲ.

ಅವರು ಏನು ಉಂಡರು ಎಂಬ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ಸಾಕ್ಷಿ ಹೇಳುವವಳು ಎಲಿಜಬೆತ್ ವಿಜೀ ಲ ಬ್ರನ್, ರಾಣಿ ಮರಿ ಆಂತ್ವಾನೆತ್‌ಳ ಚಿತ್ರಕಾರ್ತಿ. ಆಗ ಅವಳಿಗೆ 33 ವರ್ಷ. ಒಪೇರಾದಲ್ಲಿ ಇವರನ್ನು ಕಂಡು ಚಿತ್ರ ಬರೆಯಬೇಕೆಂದು ಆಸೆಪಟ್ಟಳು. ದೊರೆಯೇ ಕೇಳಿಕೊಂಡರೆ ಸರಿ, ಇಲ್ಲವಾದರೆ ಇಲ್ಲ ಎಂದರಂತೆ ಇವರು. ದೊರೆಯಿಂದ ಹೇಳಿಸಿದಳು. ದರ್ವೇಶ್ ಖಾನನನ್ನು ಕತ್ತಿ ಹಿಡಿದು ನಿಂತ ಆಳೆತ್ತರದ ಭಂಗಿಯಲ್ಲಿ ಬರೆದಳು. ಇನ್ನೊಬ್ಬ ರಾಯಭಾರಿ ಮಗನನ್ನು ಪಕ್ಕದಲ್ಲಿಟ್ಟುಕೊಂಡು ಕೂತ ಚಿತ್ರವನ್ನೂ ಬರೆದಳು. ಆ ಎರಡನೆಯದು ಈಗ ಸಿಗುವುದಿಲ್ಲ. ಸಿಕ್ಕಿದ್ದರೆ ಯುರೋಪಿನ ರಾಜಧಾನಿಯಲ್ಲಿ ತೆಗೆಸಿದ ಮೈಸೂರು ಕುಟುಂಬದ ಮೊದಲ ಪ್ರವಾಸಿ ಚಿತ್ರ ಎಂದು ಅದನ್ನೇ ಕರೆಯಬಹುದಿತ್ತು.

ಈ ಕೆಲಸದ ನಡುವೆ ಅವಳನ್ನೂ ಅವಳ ಗೆಳತಿಯೊಬ್ಬಳನ್ನೂ ರಾಯಭಾರಿಗಳು ಊಟಕ್ಕೆ ಕರೆದರು. ನೆಲದ ಮೇಲೆ ಬಡಿಸಿದ್ದರು. ಅತಿಥಿಗಳಿಗೆ ತಮ್ಮ ಕೈಯಿಂದಲೇ ಬಡಿಸಿದರು. ಒಂದು ತಟ್ಟೆಯಲ್ಲಿ ಕುರಿಕಾಲಿನ ಅಡುಗೆ, ಬಿಳಿಯ ಸಾರಿನಲ್ಲಿ, ಮಸಾಲೆ ಜೋರು. ಇನ್ನೊಂದು ತಟ್ಟೆಯಲ್ಲಿದ್ದದ್ದು ಏನೆಂದು ಅವಳಿಗೆ ತಿಳಿಯಲಿಲ್ಲ. ಸೌಟಿನ ಬದಲು ಕೈ ಬಳಸುವುದನ್ನು ನೋಡಿ ಅಸಹ್ಯವಾಯಿತು, ಊಟ ಸೇರಲಿಲ್ಲ ಎಂದು ಅವಳು ಮುಪ್ಪಿನಲ್ಲಿ ಬರೆದ ನೆನಪುಗಳಲ್ಲಿ ಹೇಳಿಕೊಂಡಿದ್ದಾಳೆ. ಆ ಪುಸ್ತಕ ಬಂದದ್ದು 1830ರ ದಶಕದಲ್ಲಿ. ಊಟ ಮುಗಿದು ಸುಮಾರು 50 ವರ್ಷದ ಮೇಲೆ! ಕುರಿಕಾಲಿನ ಬಿಳಿ ಸಾರು ಎಂದರೆ ಏನೆಂದು ನಮ್ಮ ಕಡೆ ಕಾಲುಸೂಪು ಕುಡಿದವರಿಗೆ, ಬೆಳಗಿನ ಜಾವ ಪಾಯ ತಿಂದವರಿಗೆ ಹೇಳಬೇಕಾಗಿಲ್ಲ. ಅದು ಪಾಯವೇ ಎಂದು ನಾನು ಆಣೆ ಇಡಲಾರೆ. ಆದರೆ ಒಂದಂತೂ ತಿಳಿಯುತ್ತದೆ. ಜಗತ್ತಿನ ಅಡುಗೆಯ ರಾಜಧಾನಿ ಎಂದು ಬೀಗುವ ಊರಿನ ನಡುಮಧ್ಯೆ ಇವರು ತಮ್ಮ ಒಲೆಯನ್ನು ತಾವೇ ಹೂಡಿಕೊಂಡಿದ್ದರು. ಹಲಾಲಿನ ಪ್ರಶ್ನೆ ಇತ್ತು, ನಾಲಿಗೆಯ ಪ್ರಶ್ನೆಯೂ ಇತ್ತು. ಕರೆದ ಅತಿಥಿಗೆ ಕೈಯಾರೆ ಬಡಿಸುವುದು ನಮ್ಮಲ್ಲಿ ಅತಿ ದೊಡ್ಡ ಮರ್ಯಾದೆ. ಆ ಮರ್ಯಾದೆಯೇ ಅವಳಿಗೆ ಅಸಹ್ಯವಾಗಿ ಕಂಡಿತು.

ಈ ಕತೆಯಲ್ಲಿ ನನ್ನನ್ನು ಕಾಡುವುದು ಅಡುಗೆಯಲ್ಲ. ಆ ಊಟದಲ್ಲಿ ಎರಡು ಕಡೆಯವರಿದ್ದರು, ಬರವಣಿಗೆ ಮಾತ್ರ ಒಂದೇ ಕಡೆಯದು. ಚಿತ್ರಕಾರ್ತಿಗೆ ಊಟ ಸೇರಲಿಲ್ಲ ಎಂದು ನಮಗೆ ಗೊತ್ತು. ದರ್ವೇಶ್ ಖಾನನಿಗೆ ಫ್ರೆಂಚರ ಬ್ರೆಡ್ಡು, ಬೆಣ್ಣೆ, ಗಿಣ್ಣು ಸೇರಿತೋ ಇಲ್ಲವೋ ಗೊತ್ತಿಲ್ಲ. ಜೊತೆಗಿದ್ದ ಹುಡುಗ ಯಾವ ಮಿಠಾಯಿ ಅಂಗಡಿಯ ಮುಂದೆ ನಿಂತ, ಹಡಗಿನಲ್ಲಿ ಮನೆಯ ಯಾವ ತಿಂಡಿ ನೆನೆದು ಅತ್ತ, ಯಾರೂ ಬರೆದಿಲ್ಲ. ಲ ಬ್ರನ್ ಹೇಳುವ ಇನ್ನೊಂದು ಪ್ರಸಂಗವೂ ಹೀಗೆಯೇ. ಚಿತ್ರ ಮುಗಿದ ಮೇಲೆ ದರ್ವೇಶ್ ಖಾನ್ ಅದನ್ನು ತನ್ನ ಮಂಚದ ಹಿಂದೆ ಬಚ್ಚಿಟ್ಟು ಕೊಡಲು ಒಪ್ಪಲಿಲ್ಲವಂತೆ. ಕೇಳಿದರೆ, ಇದಕ್ಕಿನ್ನು ಆತ್ಮ ಬರಬೇಕು ಎಂದನಂತೆ. ಅವಳಿಗೆ ಇದು ತಮಾಷೆಯ ಕತೆ. ಆತ ನಿಜವಾಗಿ ಯಾವ ಭಾಷೆಯಲ್ಲಿ ಏನು ಹೇಳಿದ, ದುಭಾಷಿ ಅದನ್ನು ಏನು ಮಾಡಿದ, ಆಕೆ 50 ವರ್ಷದ ನಂತರ ಏನೆಂದು ನೆನೆದಳು? ಮೂರು ಜರಡಿ ದಾಟಿ ಬಂದದ್ದು ನಮಗೆ ಸಿಕ್ಕ ಮಾತು.

ಆ ಚಿತ್ರ 1789ರ ಪ್ಯಾರಿಸ್ ಪ್ರದರ್ಶನದಲ್ಲಿ ತೂಗಿತು. ಅಷ್ಟು ಹೊತ್ತಿಗೆ ಬಾಸ್ತೀಲ್ ಬಿದ್ದಿತ್ತು. ಅಕ್ಟೋಬರ್‌ನಲ್ಲಿ ಚಿತ್ರಕಾರ್ತಿಯೂ ಜೀವ ಉಳಿಸಿಕೊಳ್ಳಲು ಪ್ಯಾರಿಸ್ ಬಿಟ್ಟು ಓಡಿದಳು. 2019ರ ಜನವರಿಯಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಇದೇ ಚಿತ್ರ 70 ಲಕ್ಷ ಡಾಲರಿಗೂ ಮೇಲೆ ಹೋಯಿತು. ನಮ್ಮ ಪತ್ರಿಕೆಗಳಲ್ಲಿ ಒಂದು ದಿನದ ಸುದ್ದಿ.

ರಾಯಭಾರಿಗಳು 1788ರ ಕೊನೆಗೆ ಫ್ರಾನ್ಸ್ ಬಿಟ್ಟು 1789ರ ಮೇ ತಿಂಗಳಲ್ಲಿ ಪುದುಚೇರಿಗೆ ಬಂದರು, ಅಲ್ಲಿಂದ ಶ್ರೀರಂಗಪಟ್ಟಣ. ಒಪ್ಪಂದ ತಂದಿರಲಿಲ್ಲ. ಟಿಪ್ಪುವಿಗೆ ಸಿಟ್ಟು ಬಂದದ್ದು ಸಹಜ. ಇಲ್ಲಿಂದ ಮುಂದೆ ಫ್ರೆಂಚರ ಬರಹಗಳಲ್ಲಿ ಒಂದು ಕತೆ ಹರಿದುಬಂದಿದೆ. ಊರಿಗೆ ಬಂದವರು ಪ್ಯಾರಿಸಿನ ವೈಭವವನ್ನು, ಅದರ ಅರಮನೆ, ತೋಟ, ಐಶ್ವರ್ಯಗಳನ್ನು ಕಂಡಕಂಡವರಲ್ಲಿ ಹೊಗಳಿದರಂತೆ. ತನ್ನ ರಾಜ್ಯಕ್ಕಿಂತ ದೊಡ್ಡದೊಂದು ಇದೆ ಎಂಬ ಮಾತು ಬೀದಿಯಲ್ಲಿ ಹರಡುವುದನ್ನು ಸುಲ್ತಾನ ಸಹಿಸಲಿಲ್ಲವಂತೆ. ಅಕ್ಬರ್ ಅಲಿ ಖಾನ್, ಉಸ್ಮಾನ್ ಖಾನ್ ಇಬ್ಬರಿಗೂ ಮರಣದಂಡನೆಯಾಯಿತಂತೆ. ‘ಅಂತೆ’ಗಳನ್ನು ಬೇಕೆಂದೇ ಬಳಸಿದ್ದೇನೆ. ಪೂರ್ವದ ಅರಸರೆಲ್ಲ ಇಂಥ ಕ್ರೂರಿಗಳು ಎಂದು ತೋರಿಸುವುದು ಆ ಕಾಲದ ಯುರೋಪಿನ ಬರಹಗಾರರಿಗೆ ಪ್ರಿಯವಾದ ಕಸುಬು. ಹಾಗೆಂದು ಟಿಪ್ಪು ಕೋಪದಲ್ಲಿ ಯಾರನ್ನೂ ಮುಟ್ಟಲಿಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ. ನಿಜವಾದರೆ, ನಮ್ಮ ನಾಡಿನವರು ಬರೆಯಬಹುದಾಗಿದ್ದ ಮೊದಲ ಪ್ಯಾರಿಸ್ ಪ್ರವಾಸಕಥನ ಇಬ್ಬರ ಬಾಯೊಂದಿಗೆ ಮಣ್ಣಾಯಿತು.

ಈ ಕತೆ ಹೇಳುವಾಗ ನಾವು ಕೂತಿದ್ದದ್ದು ನರಸೀಪುರದಲ್ಲಿ, ಗುಂಜಾ ನರಸಿಂಹಸ್ವಾಮಿಯ ಗುಡಿಗೆ ನಾಲ್ಕು ಹೆಜ್ಜೆ ದೂರದಲ್ಲಿ. ಕಾವೇರಿ, ಕಪಿಲೆ ಕೂಡುವ ಈ ಜಾಗ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಇಲ್ಲಿನವರ ನಂಬಿಕೆ. ದೇವರ ಕೈಬೆರಳ ನಡುವೆ ಆ ಗುಲಗಂಜಿಯೂ ಇದೆ. ಇಡೀ ಕಾಶಿಯನ್ನು ತಕ್ಕಡಿಯಲ್ಲಿಟ್ಟು ನಮ್ಮೂರಿನ ಕಡೆಗೆ ಒಂದು ಕೆಂಪು ಕಾಳಿನಷ್ಟು ವಾಲಿಸಿಕೊಳ್ಳುವ ಈ ಜಾಣ್ಮೆ ನನಗೆ ಬಹಳ ಇಷ್ಟ. ಬೇರೆ ಊರನ್ನು ಹೀಗಳೆದಂತೆಯೂ ಆಗಲಿಲ್ಲ, ನಮ್ಮದನ್ನು ಬಿಟ್ಟುಕೊಟ್ಟಂತೆಯೂ ಆಗಲಿಲ್ಲ. ಪಾಪ, ಆ ರಾಯಭಾರಿಗಳು ಅರಮನೆಗೆ ಹೋಗುವ ಮುನ್ನ ಇಲ್ಲಿ ಒಂದು ರಾತ್ರಿ ತಂಗಿದ್ದರೆ ಹೇಗೆ ಮಾತಾಡಬೇಕೆಂದು ಕಲಿತು ಹೋಗುತ್ತಿದ್ದರೇನೋ!

ಟಿಪ್ಪುವಿನ ಇನ್ನೊಂದು ಮುಖ ನೋಡಬೇಕಾದರೆ ನನ್ನ ಊರಿಗೆ ಬರಬೇಕು. ನಂಜನಗೂಡಿನ ಶ್ರೀಕಂಠೇಶ್ವರನಿಗೆ ‘ಹಕೀಮ ನಂಜುಂಡ’ ಎಂಬ ಹೆಸರು ಬಂದದ್ದು ಅವನಿಂದಲೇ ಎಂದು ಹಿರಿಯರು ಹೇಳುತ್ತಾರೆ. ಪಟ್ಟದ ಆನೆಗೆ ಕಣ್ಣು ಹೋಗಿತ್ತು, ಇಲ್ಲಿ ಹರಕೆ ಕಟ್ಟಿಕೊಂಡ ಮೇಲೆ ಬಂತು, ಸುಲ್ತಾನ ಪಚ್ಚೆಯ ಲಿಂಗ ಕೊಟ್ಟ ಎಂಬುದು ಐತಿಹ್ಯ. ಲಿಂಗವನ್ನು ಇಂದಿಗೂ ತೋರಿಸುತ್ತಾರೆ.

1799ರಲ್ಲಿ ಟಿಪ್ಪು ಸತ್ತ. ಮರುವರ್ಷವೇ ಪ್ರಯಾಣದ ದಿಕ್ಕು ತಿರುಗಿತು. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್‌ನನ್ನು ಗವರ್ನರ್ ಜನರಲ್ ವೆಲ್ಲೆಸ್ಲಿ ಹೊಸದಾಗಿ ಗೆದ್ದ ನಾಡಿನ ಲೆಕ್ಕ ತೆಗೆಯಲು ಕಳಿಸಿದ. 1800ರ ಏಪ್ರಿಲಿನಲ್ಲಿ ಮದರಾಸು ಬಿಟ್ಟವನು ಮೈಸೂರು, ಮಲಬಾರ್, ಕೆನರಾ ಸುತ್ತಿದ. ಅದೇ ಮಳೆಗಾಲದ ಕೊನೆಗೆ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಹಂಪಾಪುರದ ದಾರಿಯಾಗಿ ನಂಜನಗೂಡಿಗೆ ಬಂದ. ಅಲ್ಲಿಂದ ಕಪಿಲೆಯ ಜಾಡಿನಲ್ಲೇ ತಾಯೂರು, ಆಮೇಲೆ ನರಸೀಪುರ. ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆಗೆ ಆಗ 65 ವರ್ಷ. ನನ್ನ ಮನೆಯಿಂದ ತಮ್ಮನ ಮನೆಗೆ ನಾನು ಬಸ್ಸಿನಲ್ಲಿ ಹೋಗುವ ದೂರವನ್ನು ಆತ ನಿಧಾನವಾಗಿ ಕ್ರಮಿಸಿದ, ಪ್ರತಿ ಊರಿನಲ್ಲೂ ಇಳಿದು ಕೇಳುತ್ತ.

ಏನು ಕೇಳಿದ? ಹೊಲಕ್ಕೆ ಎಷ್ಟು ಬೀಜ, ಎಷ್ಟು ಸಲ ಉಳುಮೆ, ಎಷ್ಟು ಫಸಲು, ಕಂದಾಯವೆಷ್ಟು, ಯಾವ ಜಾತಿಯವರು ಏನು ತಿನ್ನುತ್ತಾರೆ, ಯಾರ ಮನೆಯಲ್ಲಿ ಉಣ್ಣುವುದಿಲ್ಲ. ಮೈಸೂರು ಸೀಮೆಯ ಖುಷ್ಕಿ ಹೊಲದಲ್ಲಿ ಎಲ್ಲಕ್ಕಿಂತ ಮುಖ್ಯ ಬೆಳೆ ರಾಗಿ ಎಂದು ಗುರುತಿಸಿದ. ಎಲ್ಲವೂ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಕರ್ನಾಟಕದ ಆರ್ಥಿಕ ಚರಿತ್ರೆ ಬರೆಯುವವರು ಯಾರೂ ಇವತ್ತಿಗೂ ಆತನನ್ನು ದಾಟಿ ಹೋಗಲಾರರು. ನನಗೂ ಆತನ ಮೇಲೆ ಗೌರವವಿದೆ. ನೋಡಿದ್ದನ್ನು ಅಂದಂದೇ ಬರೆದ, ಕೇಳಿದ್ದನ್ನು ಕೇಳಿದ್ದೆಂದೇ ಹೇಳಿದ. ತಪ್ಪುಗಳಿವೆ, ತಾತ್ಸಾರವೂ ಇದೆ. ಊರ ಹೆಸರುಗಳನ್ನಂತೂ ಗುರುತು ಸಿಗದಂತೆ ಮಾಡಿದ್ದಾನೆ.

ಆದರೆ ಲೆಕ್ಕ ಹಾಕಿ ನೋಡಿ. 12 ವರ್ಷದ ಅಂತರದಲ್ಲಿ ಎರಡು ಪ್ರಯಾಣ. ಮೈಸೂರಿನವರು ಪ್ಯಾರಿಸಿಗೆ ಹೋದರು, ಅಲ್ಲಿ ಅವರು ಏನು ತಿಂದರೆಂದು ಪ್ಯಾರಿಸಿನವಳು ಬರೆದಳು. ಸ್ಕಾಟ್ಲೆಂಡಿನವನು ನಂಜನಗೂಡಿಗೆ ಬಂದ, ಇಲ್ಲಿ ನಾವು ಏನು ತಿನ್ನುತ್ತೇವೆಂದು ಅವನೇ ಬರೆದ. ಅವನು ತಾಯೂರಿನಲ್ಲಿ ಏನು ತಿಂದ, ಹೇಗೆ ತಿಂದ, ಚಮಚ ಹಿಡಿದವನನ್ನು ನೋಡಿ ಊರ ಹೆಂಗಸರು ಎಷ್ಟು ನಕ್ಕರು? ನಕ್ಕೇ ನಕ್ಕಿರುತ್ತಾರೆ. ಆ ನಗುವನ್ನು ಯಾರೂ ಕಾಗದಕ್ಕೆ ಇಳಿಸಲಿಲ್ಲ.

“ನಮ್ಮವರಿಗೆ ಬರೆಯೋಕೆ ಬರ್ತಿರಲಿಲ್ವಾ ದೊಡ್ಡಪ್ಪ?” ಎಂದಳು ಹುಡುಗಿ.

ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಇದೇ ತಾಲ್ಲೂಕಿನ ಸೋಸಲೆ, ತಲಕಾಡುಗಳಲ್ಲಿ ವಿದ್ವಾಂಸರಿಗೆ ಬರವಿರಲಿಲ್ಲ. ಆದರೆ ಕಾವ್ಯಕ್ಕೆ, ಶಾಸ್ತ್ರಕ್ಕೆ, ಲೆಕ್ಕಪತ್ರಕ್ಕೆ ಓಲೆ ಮತ್ತು ಕಡತ. ಇವತ್ತು ಏನು ಉಂಡೆ ಎಂಬುದು ಬರೆಯತಕ್ಕ ವಿಷಯವೆಂದು ಯಾರಿಗೂ ಹೊಳೆಯಲಿಲ್ಲ. ಅದರ ಮೇಲೆ ಸಮುದ್ರ ದಾಟುವುದೇ ದೋಷವೆಂಬ ಕಟ್ಟು ಬೇರೆ. ಹೋದವನು ಏನು ಮುಟ್ಟಿದ, ಯಾರ ನೀರು ಕುಡಿದ ಎಂಬುದೇ ಜಾತಿಯವರ ಪ್ರಶ್ನೆ. ಹಾಗಿರುವಾಗ ಹೋಗಿಬಂದವನು ಉಂಡದ್ದನ್ನು ಬರೆದಿಡುವುದೆಂದರೆ ತನ್ನ ಮೇಲೆ ತಾನೇ ಸಾಕ್ಷಿ ಬರೆದುಕೊಟ್ಟಂತೆ. 1902ರಲ್ಲಿ ಜೈಪುರದ ಮಹಾರಾಜ ಎರಡನೇ ಮಾಧೋಸಿಂಗ್ ಲಂಡನ್ನಿನ ಪಟ್ಟಾಭಿಷೇಕಕ್ಕೆ ಹೋಗುವಾಗ ಆಳೆತ್ತರದ ಬೆಳ್ಳಿಯ ಹಂಡೆಗಳಲ್ಲಿ ಗಂಗೆಯ ನೀರು ತುಂಬಿಸಿಕೊಂಡು ಹೋದ. ಆ ಹಂಡೆಗಳು ಈಗಲೂ ಜೈಪುರದ ಅರಮನೆಯಲ್ಲಿವೆ. ದೊರೆಗೆ ಬೆಳ್ಳಿಯ ಹಂಡೆ, ಬಡ ವಿದ್ಯಾರ್ಥಿಗೆ? 1888ರಲ್ಲಿ ಲಂಡನ್ನಿಗೆ ಹೊರಟ ಮೋಹನದಾಸ ಗಾಂಧಿಯನ್ನು ಅವರ ಜಾತಿಯವರು ಹೊರಗಿಟ್ಟರು. ಆ ಹುಡುಗ ಲಂಡನ್ನಿನ ಬೀದಿಗಳಲ್ಲಿ ಸಸ್ಯಾಹಾರದ ಹೋಟೆಲು ಹುಡುಕುತ್ತ ಹಸಿದು ತಿರುಗಿದ. ಮುಂದೆ ಪ್ಯಾರಿಸಿನ ವಸ್ತುಪ್ರದರ್ಶನ ನೋಡಲು ಹೋದಾಗ ಅಷ್ಟು ಎತ್ತರದಲ್ಲಿ ಊಟ ಮಾಡಿದೆ ಎಂದು ಹೇಳಿಕೊಳ್ಳಲಿಕ್ಕಾಗಿಯೇ ಐಫೆಲ್ ಗೋಪುರದ ಮೇಲೆ ಏಳು ಶಿಲಿಂಗ್ ಕಳೆದ. ಇದನ್ನು ಆತ್ಮಕಥೆಯಲ್ಲಿ ತಾನೇ ನಾಚಿಕೊಂಡು ಬರೆದದ್ದರಿಂದ ಮಾತ್ರ ನಮಗೆ ಗೊತ್ತು.

ನಾಲ್ವಡಿ ಕೃಷ್ಣರಾಜ ಒಡೆಯರು 1936ರಲ್ಲಿ ಯುರೋಪಿಗೆ ಹೋಗಿಬಂದರು. ಅಷ್ಟು ಹೊತ್ತಿಗೆ ಕಟ್ಟು ಸಡಿಲವಾಗಿತ್ತು. ವಿ. ಕೃ. ಗೋಕಾಕರು ಇಂಗ್ಲೆಂಡಿನ ಹಡಗುಯಾನದಿಂದ ‘ಸಮುದ್ರ ಗೀತೆಗಳು’ ತಂದರು. ಶಿವರಾಮ ಕಾರಂತರು ‘ಅಪೂರ್ವ ಪಶ್ಚಿಮ’ ಬರೆದರು. ಅಲ್ಲಿಂದೀಚೆಗೆ ಕನ್ನಡದಲ್ಲಿ ಪ್ರವಾಸಕಥನಕ್ಕೆ ಕೊರತೆಯಿಲ್ಲ, ಕೆಲವು ಸಲ ಸಾಕಪ್ಪಾ ಎನ್ನುವಷ್ಟಿದೆ. ಆದರೂ ಬರೆದವರಲ್ಲಿ ಹೆಚ್ಚಿನವರು ಗಂಡಸರು, ಒಬ್ಬರೇ ಹೋದವರು, ಬಡಿಸಿದ್ದನ್ನು ಉಂಡವರು. ಚೀಲದಲ್ಲಿ ಚಟ್ನಿಪುಡಿ ಎಷ್ಟು ಇದೆ, 13 ದಿನಕ್ಕೆ ಸಾಲುತ್ತದೆಯೇ ಎಂಬ ಲೆಕ್ಕ ಇಟ್ಟವರ ಕತೆ ಅಲ್ಲಿ ಅಪರೂಪ. ನಂಜನಗೂಡಿನ ತಿರುಮಲಾಂಬ ಬಾಲವಿಧವೆಯಾಗಿ ಮನೆಯೊಳಗೇ ಓದಿ, 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆ ಶುರುಮಾಡಿ, ಕಾದಂಬರಿ ಬರೆದು, ಪತ್ರಿಕೆ ನಡೆಸಿದವರು. ಅವರನ್ನು ಯಾರಾದರೂ ಹಡಗು ಹತ್ತಿಸಿ ಕಳಿಸಿದ್ದರೆ ಎಂಥ ಪುಸ್ತಕ ಬರುತ್ತಿತ್ತೋ ಎಂದು ನಾನು ಆಗಾಗ ಅಂದುಕೊಳ್ಳುತ್ತೇನೆ. ಅವರ ಊರಿನವನೆಂಬ ಅಭಿಮಾನದಿಂದ ಬಂದ ಮಾತು ಇದು, ಕ್ಷಮಿಸಿ.

ಮಾತು ಇಲ್ಲಿಗೆ ಬರುವಷ್ಟರಲ್ಲಿ ತಮ್ಮನ ಹೆಂಡತಿ ಕಾಫಿ ತಂದಿಟ್ಟಳು, ತಟ್ಟೆಯಲ್ಲಿ ನಾನು ಒಯ್ದಿದ್ದ ರಸಬಾಳೆ. ಬಾಳೆಹಣ್ಣಿನ ಮಾತು ಬಂತು. ಅಲ್ಲಿ ಎಲ್ಲ ಊರಿನಲ್ಲೂ ಒಂದೇ ಹಣ್ಣಂತೆ, ಉದ್ದಕ್ಕೆ, ಹಳದಿ, ಸಪ್ಪೆ. ಅದು ಕ್ಯಾವೆಂಡಿಶ್, ನಮ್ಮ ಪಚ್ಚಬಾಳೆಯ ಬಳಗದ್ದು. ಮೊದಲು ಯುರೋಪು, ಅಮೆರಿಕಗಳಿಗೆ ಹೋಗುತ್ತಿದ್ದದ್ದು ಬೇರೆ ತಳಿ. ಪನಾಮ ಸೊರಗು ರೋಗ ಅದನ್ನು ತೋಟತೋಟವೇ ನುಂಗಿದ ಮೇಲೆ ವ್ಯಾಪಾರದವರು ಕ್ಯಾವೆಂಡಿಶ್ ಹಿಡಿದರು. ನಮ್ಮ ನಂಜನಗೂಡು ರಸಬಾಳೆಯನ್ನು ಹಿಂಡಿದ್ದೂ ಅದೇ ರೋಗ. ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ತೋಟಗಳು ಮಾತ್ರ ಕೆಲವೇ. ಈಗ ನಂಜನಗೂಡಿನ ಪೇಟೆಯಲ್ಲಿ ರಸಬಾಳೆ ಎಂದು ಕೂಗುವುದನ್ನೆಲ್ಲ ನಂಬಬೇಡಿ.

“ಬರೆದಿಡೋದು ಅಂದ್ರಲ್ಲ ಭಾವ,” ಎಂದು ಅವಳು ಒಳಗೆ ಹೋಗಿ ಒಂದು ಪುಟ್ಟ ನೋಟುಪುಸ್ತಕ ತಂದಳು. ಹಾಲು, ಪೇಪರಿನ ಲೆಕ್ಕ ಬರೆಯುವಂಥದ್ದು. “ಇದೇನ್ ಬರವಣಿಗೆ ಅಲ್ಲ. ಖರ್ಚು ಬರೆಯೋಕೆ ಅಂತ ತಗೊಂಡು ಹೋಗಿದ್ದೆ, ಹಾಗೇ ಊಟಾನೂ ಬರ್ಕೊಂಡೆ. ಇವರು ನಗ್ತಾರೆ ಅಂತ ತೋರಿಸಿರಲಿಲ್ಲ.”

ತಮ್ಮ ನಗಲಿಲ್ಲ. ಅವನಿಗೆ ಅದು ಇರುವುದೇ ಗೊತ್ತಿರಲಿಲ್ಲ.

ನಾನು ಕನ್ನಡಕ ಹಾಕಿಕೊಂಡು ಪುಟ ತಿರುಗಿಸಿದೆ. ಪೆನ್ಸಿಲಿನ ಅಕ್ಷರ, ಬಸ್ಸು ಕುಲುಕಿದ ಕಡೆ ಸಾಲು ಕೆಳಗಿಳಿದಿದೆ. ಲಂಡನ್ನಿನಲ್ಲಿ ನೀರಿನ ಬಾಟಲಿಗೆ ಕೊಟ್ಟ ದುಡ್ಡನ್ನು ರೂಪಾಯಿಗೆ ತಿರುಗಿಸಿ ಪಕ್ಕದಲ್ಲಿ ಒಂದು ಆಶ್ಚರ್ಯ ಚಿಹ್ನೆ. ವಿಯೆನ್ನಾದಲ್ಲಿ ಕಾಫಿ ಚೆನ್ನಾಗಿತ್ತು, ‘ನಮ್ಮದರ ಹತ್ತಿರ’. ರೋಮಿನಲ್ಲಿ ಯಾರೋ ಗುಜರಾತಿ ಅಜ್ಜಿಗೆ ಅವಲಕ್ಕಿ ಕೊಟ್ಟದ್ದು, ಆ ಅಜ್ಜಿ ಖಾಕ್ರಾ ಕೊಟ್ಟದ್ದು. ಪ್ಯಾರಿಸಿನ ಪುಟವನ್ನು ಅವಳ ಅನುಮತಿ ಕೇಳಿ ಇಲ್ಲಿ ನಕಲು ಮಾಡಿದ್ದೇನೆ:

‘4ನೇ ದಿನ. ಬೆಳಿಗ್ಗೆ ಬ್ರೆಡ್ಡು, ಬೆಣ್ಣೆ, ಬಾಳೆಹಣ್ಣು (ರುಚಿ ಇಲ್ಲ). ಮಗಳು ಚಂದ್ರನ ಆಕಾರದ ಬನ್ನು ಎರಡು ತಿಂದಳು. ಬೆಣ್ಣೆ ಚೆನ್ನಾಗಿದೆ. ಮಧ್ಯಾಹ್ನ ಬಸ್ಸಿನಲ್ಲೇ ಪುಳಿಯೋಗರೆ, ಹಿಂದಿನ ಸೀಟಿನವರಿಗೂ ಕೊಟ್ಟೆ. ದೊಡ್ಡ ಅರಮನೆ. ಕಾಲುನೋವು. ಒಂದು ರೂಮಿನಲ್ಲಿ ಗೋಡೆ ಪೂರ್ತಿ ಒಂದೇ ಚಿತ್ರ, ಎಲ್ಲರೂ ಊಟಕ್ಕೆ ಕೂತಿದ್ದಾರೆ. ಬಡಿಸುವವರು ಎಷ್ಟು ಜನ! ನಾಯಿಯೂ ಇದೆ. ಇನ್ನೂ ನೋಡೋಣ ಅಂದರೆ ಬಸ್ಸಿಗೆ ಕರೆದರು. ರಾತ್ರಿ ಅನ್ನ, ದಾಲು. ಒಗ್ಗರಣೆ ಹಾಕಿಲ್ಲ.’